ಮನೆಯವರಿಗೆ ಖಿನ್ನತೆ ಬಂದಾಗ: ಮೊದಲ ಎಂಟು ವಾರಗಳ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಒಬ್ಬರಿಗೆ ಖಿನ್ನತೆ ಬಂದರೆ ಉಳಿದವರು ಕೈಕಟ್ಟಿ ಕೂರುವುದಿಲ್ಲ. ಬುದ್ಧಿ ಹೇಳುತ್ತಾರೆ, ಹರಕೆ ಹೊರುತ್ತಾರೆ, ರಕ್ತಪರೀಕ್ಷೆ ಮಾಡಿಸುತ್ತಾರೆ, ಟಾನಿಕ್ಕು ತರುತ್ತಾರೆ, ಕೊನೆಗೆ ಮನೋವೈದ್ಯರ ಬಾಗಿಲನ್ನೂ ತಟ್ಟುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಮೂರು ತಿಂಗಳಲ್ಲಿ ಮತ್ತೆ ಹೊರಟ ಜಾಗಕ್ಕೇ ಬಂದು ನಿಲ್ಲುವ ಮನೆಗಳು ಬಹಳ. ಪ್ರೀತಿ ಕಡಿಮೆಯಾಗಿ ಹೀಗಾಗುವುದಿಲ್ಲ, ಕ್ರಮ ತಪ್ಪಿ ಆಗುತ್ತದೆ. ಅವರ ಮಾತು ಕೇಳುವ ಮೊದಲೇ ಉಪದೇಶ ಶುರುವಾಗಿರುತ್ತದೆ. ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಮಾತ್ರೆ ಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಅದನ್ನು ನಿಲ್ಲಿಸಿರುತ್ತಾರೆ.

ಈ ಮಾರ್ಗದರ್ಶಿ ವಯಸ್ಕರ ಖಿನ್ನತೆಗೆ ಮಾತ್ರ. ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ಊಟಕ್ಕೆ ವಿಷ ಹಾಕಿದ್ದಾರೆಂಬ ಅನುಮಾನ, ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ನಿದ್ದೆಯಿಲ್ಲದೆ ಅಸಂಬದ್ಧ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಭಯ, ಇವು ಕಂಡರೆ ಹಂತಗಳನ್ನು ಎಣಿಸುತ್ತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸಾಯುವ ಮಾತು ಆಗಲೇ ಬಂದಿದ್ದರೆ ನೇರ 3ನೇ ಹಂತಕ್ಕೆ ಬನ್ನಿ.

ಮೊದಲು ಕೈಗೆ ಬೇಕಾದವು

100 ಪುಟದ ಒಂದು ನೋಟ್‌ಬುಕ್. ಔಷಧಿ ಚೀಟಿ, ಲ್ಯಾಬ್ ವರದಿ ಇಡಲು ಒಂದು ಫೈಲು. ಏಳು ಖಾನೆಗಳ ವಾರದ ಮಾತ್ರೆ ಡಬ್ಬಿ, ಇದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೀಗ ಬೀಳುವ ಒಂದು ಕಪಾಟು ಅಥವಾ ಟ್ರಂಕು. ಗೋಡೆಗೆ ಅಂಟಿಸುವ ಒಂದು ಚೀಟಿಯಲ್ಲಿ ಮೂರು ನಂಬರು: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ತುರ್ತಿಗೆ 112, ಆಂಬುಲೆನ್ಸ್‌ಗೆ 108. ಟೆಲಿ ಮಾನಸ್ ಉಚಿತ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡುತ್ತಾರೆ. ಕಾಯಿಲೆಯಾದವರೇ ಕರೆ ಮಾಡಬೇಕೆಂದಿಲ್ಲ, ಏನು ಮಾಡಬೇಕೆಂದು ತೋಚದ ಮನೆಯವರೂ ಮಾಡಬಹುದು.

ಇದೆಲ್ಲಕ್ಕಿಂತ ಹೆಚ್ಚು ಬೇಕಾದದ್ದು ನಿಮ್ಮ ಜೊತೆ ಇನ್ನಿಬ್ಬರು. ಒಬ್ಬರೇ ಎಂಟು ವಾರ ಈ ಭಾರ ಹೊತ್ತರೆ ಐದನೇ ವಾರಕ್ಕೆ ಸಿಡುಕು ಶುರುವಾಗುತ್ತದೆ, ಆ ಸಿಡುಕು ಬೀಳುವುದು ಕಾಯಿಲೆಯವರ ಮೇಲೆ. ಆ ಇಬ್ಬರು ಯಾರೆಂದು ಅವರನ್ನೇ ಕೇಳಿ ಗೊತ್ತುಮಾಡಿ. ಚಿಕ್ಕಪ್ಪ, ಅತ್ತಿಗೆ, ಪಕ್ಕದ ಮನೆಯವರು ಎಂದು ಸುದ್ದಿ ಹಬ್ಬಿಸಿದರೆ ಮರುದಿನದಿಂದ ಅವರು ನಿಮಗೂ ಏನನ್ನೂ ಹೇಳುವುದಿಲ್ಲ.

ಹಂತ 1: ಹಿಂದಿನ ಎರಡು ವಾರವನ್ನು ಬರೆದಿಡಿ

ಖಿನ್ನತೆ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ ಎರಡು ವಾರ, ದಿನದ ಹೆಚ್ಚು ಹೊತ್ತು ಇರಬೇಕು. ಹಾಗೆಂದು ಇವತ್ತಿನಿಂದ ಎರಡು ವಾರ ಕಾಯಬೇಡಿ. ಹಿಂದಕ್ಕೆ ತಿರುಗಿ ನೋಡಿ, ನೆನಪಾದದ್ದನ್ನು ಒಂದೇ ಸಂಜೆಯಲ್ಲಿ ಬರೆಯಿರಿ.

ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಷ್ಟಕ್ಕೆ ಎಚ್ಚರವಾಗುತ್ತದೆ? ಬೆಳಗಿನ ಜಾವ ಮೂರು ನಾಲ್ಕಕ್ಕೆ ಎದ್ದು ಮತ್ತೆ ನಿದ್ದೆ ಹತ್ತದೆ ಕೂರುವುದು ಮುಖ್ಯ ಸುಳಿವು. ಎರಡು ರೊಟ್ಟಿ ತಿನ್ನುತ್ತಿದ್ದವರು ಅರ್ಧಕ್ಕೆ ಬಂದಿದ್ದಾರೆಯೇ, ಬಟ್ಟೆ ಸಡಿಲವಾಗಿದೆಯೇ? ಸ್ನಾನ, ಗಡ್ಡ, ತಲೆ ಬಾಚುವುದು ತಪ್ಪುತ್ತಿದೆಯೇ? ಇಷ್ಟಪಡುತ್ತಿದ್ದ ಕ್ರಿಕೆಟ್ಟು, ಸೀರಿಯಲ್ಲು, ತೋಟ, ಮೊಮ್ಮಗುವಿನ ಆಟ ಈಗ ಬೇಡವಾಗಿವೆಯೇ? ಬಾಯಿಂದ ಬಂದ ಮಾತನ್ನು ಅವರ ಪದಗಳಲ್ಲೇ ಬರೆಯಿರಿ. 'ನಾನಿಲ್ದಿದ್ರೆ ನೀವೆಲ್ಲ ಆರಾಮಾಗಿರ್ತೀರಿ' ಎಂಬ ಒಂದು ವಾಕ್ಯ ವೈದ್ಯರಿಗೆ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ತಿಳಿಸುತ್ತದೆ.

ನಮ್ಮ ಕಡೆ ಖಿನ್ನತೆ ಬಹಳ ಸಲ ದುಃಖದ ಹೆಸರಿನಲ್ಲಿ ಬರುವುದೇ ಇಲ್ಲ. ಮೈಕೈ ನೋವು, ತಲೆಭಾರ, ನಿಶ್ಶಕ್ತಿ, ಎದೆ ಡವಡವ, ಹೊಟ್ಟೆ ತೊಳಸು ಎಂದೇ ಶುರುವಾಗುತ್ತದೆ. ಇದು ನಾಟಕವಲ್ಲ, ಆ ನೋವು ನಿಜವಾದದ್ದು. ಗಂಡಸರಲ್ಲಿ ಅಳುವಿಗಿಂತ ರೇಗಾಟ, ಹೆಚ್ಚಿದ ಕುಡಿತ ಮೊದಲು ಕಾಣಬಹುದು. ವಯಸ್ಸಾದವರಲ್ಲಿ ಮರೆವು, ನಿಧಾನಗತಿ ಕಂಡು 'ವಯಸ್ಸಾಯ್ತು' ಎಂದು ಬಿಟ್ಟುಬಿಡುವವರೇ ಹೆಚ್ಚು.

ಇನ್ನೊಂದನ್ನು ತಪ್ಪದೆ ಬರೆಯಿರಿ. ಹಿಂದೆ ಯಾವತ್ತಾದರೂ ಸತತ ನಾಲ್ಕೈದು ದಿನ ಅಥವಾ ವಾರವಿಡೀ ಎರಡು ಮೂರು ತಾಸು ನಿದ್ದೆಯಲ್ಲೇ ಸಾಕಾಗಿ, ಮಾತು ಜಾಸ್ತಿಯಾಗಿ, ಕೈ ಬಿಚ್ಚಿ ಖರ್ಚು ಮಾಡಿ, ದೊಡ್ಡ ದೊಡ್ಡ ಯೋಜನೆ ಹಾಕಿದ್ದುಂಟೇ? ಇದ್ದರೆ ಅದು ಬೈಪೋಲಾರ್ ಕಾಯಿಲೆಯ, ಅಂದರೆ ಮನಸ್ಸು ಒಮ್ಮೆ ಖಿನ್ನತೆಗೆ ಒಮ್ಮೆ ಅತಿ ಉತ್ಸಾಹಕ್ಕೆ ಹೊಯ್ದಾಡುವ ಕಾಯಿಲೆಯ ಸೂಚನೆ ಇರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಜಿಗಿಯುವ ಅಪಾಯವಿದೆ. ಈ ಹಳೆಯ ಸಂಗತಿಯನ್ನು ಕಾಯಿಲೆಯವರು ತಾವಾಗಿ ಹೇಳುವುದು ಅಪರೂಪ, ಆ ದಿನಗಳು ಅವರಿಗೆ ಚೆನ್ನಾಗಿದ್ದ ದಿನಗಳೆಂದೇ ನೆನಪಿರುತ್ತದೆ. ಮನೆಯವರೇ ಹೇಳಬೇಕು.

ಹಂತ 2: ಮೊದಲ ಮಾತು

ಜಾಗ ಮತ್ತು ಹೊತ್ತು ಮೊದಲು ನೋಡಿ. ಊಟದ ಎಲೆಯ ಮುಂದೆ, ಎಲ್ಲರೂ ಇರುವ ಪಡಸಾಲೆಯಲ್ಲಿ, ಜಗಳ ಮುಗಿದ ಮರುಕ್ಷಣದಲ್ಲಿ ಬೇಡ. ಇಬ್ಬರೇ ಇರುವಾಗ, ಮುಖಕ್ಕೆ ಮುಖ ಕೊಟ್ಟು ಕೂರದೆ ಪಕ್ಕದಲ್ಲಿ ನಡೆಯುತ್ತಲೋ ಬೈಕಿನಲ್ಲಿ ಹೋಗಿ ಒಂದು ಕಡೆ ನಿಲ್ಲಿಸಿಯೋ ಮಾತಾಡಿದರೆ ಬಾಯಿ ಬೇಗ ಬಿಡುತ್ತದೆ. ಅರ್ಧ ತಾಸು ಬಿಡುವಿರಲಿ, ಫೋನು ಜೇಬಿನಲ್ಲಿರಲಿ.

ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ. 'ನಿನಗೆ ಡಿಪ್ರೆಶನ್ ಆಗಿದೆ' ಎಂದು ಶುರು ಮಾಡಿದರೆ ಉತ್ತರ 'ನನಗೇನಾಗಿಲ್ಲ' ಎಂದೇ ಬರುತ್ತದೆ. 'ಹದಿನೈದು ದಿನದಿಂದ ರಾತ್ರಿ ನಿದ್ದೆ ಮಾಡ್ತಿಲ್ಲ ನೀನು, ಊಟನೂ ಬಿಟ್ಟಿದ್ದೀಯ. ನೋಡ್ತಾ ಇದ್ದೀನಿ. ಏನಾಗ್ತಿದೆ ಹೇಳು, ನಾನು ನಡುವೆ ಮಾತಾಡಲ್ಲ' ಎನ್ನಿ. ಆಮೇಲೆ ನಿಜವಾಗಿಯೂ ನಡುವೆ ಮಾತಾಡಬೇಡಿ. ಎರಡು ನಿಮಿಷ ಮೌನ ಬಂದರೆ ಬರಲಿ. ಮನೆಯವರು ಸೋಲುವುದು ಬಹುಪಾಲು ಈ ಮೌನದಲ್ಲೇ: ಅದನ್ನು ತಾಳಲಾಗದೆ ಬುದ್ಧಿಮಾತು ತುಂಬಿಬಿಡುತ್ತಾರೆ.

ಹೇಳಬಾರದ ಮಾತುಗಳು ನಮಗೆಲ್ಲ ಬಾಯಿಪಾಠವಾಗಿವೆ. 'ತಲೆಗೆ ಹಚ್ಕೋಬೇಡ', 'ಮನಸ್ಸು ಗಟ್ಟಿ ಮಾಡ್ಕೊ', 'ನಿನಗೇನು ಕಮ್ಮಿ ಮಾಡಿದ್ದೀವಿ', 'ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ'. ಇವು ಕೆಡುಕು ಮಾಡುವುದಕ್ಕೆ ಕಾರಣವಿದೆ. ಖಿನ್ನತೆ ಮೊದಲೇ ಅವರಿಗೆ 'ತಪ್ಪು ನಿನ್ನದೇ' ಎಂದು ಹೇಳುತ್ತಿರುತ್ತದೆ. ನೀವೂ ಅದೇ ಧಾಟಿಯಲ್ಲಿ ಹೇಳಿದಾಗ ಅದಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಬದಲಿಗೆ 'ಇದು ನಿನ್ನ ತಪ್ಪಲ್ಲ, ಕಾಯಿಲೆ. ವಾಸಿಯಾಗತ್ತೆ. ನಾನು ಜೊತೆಗೆ ಬರ್ತೀನಿ' ಎಂಬಷ್ಟು ಸಾಕು.

ಮನೆಯ ಒಳಗೇ ಹೊಡೆತ, ಬೈಗುಳ, ವರದಕ್ಷಿಣೆಯ ಕಾಟ ಇದೆಯೆಂದು ಈ ಮಾತಿನಲ್ಲಿ ಹೊರಬಿದ್ದರೆ ಮಾತ್ರೆಯೊಂದರಿಂದಲೇ ಅದು ಸರಿಹೋಗುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಿ. ಸೊಸೆಯನ್ನು ತವರಿಗೆ ಕಳಿಸುವುದೋ ಇಲ್ಲೇ ಇಟ್ಟುಕೊಳ್ಳುವುದೋ ಎಂಬುದನ್ನು ಹಿರಿಯರು ಸೇರಿ ತೀರ್ಮಾನಿಸುವುದಲ್ಲ. ಅವಳನ್ನು ಕೇಳಿ.

ಹಂತ 3: ಸಾವಿನ ಪ್ರಶ್ನೆಯನ್ನು ನೇರವಾಗಿ ಕೇಳಿ

ಇದನ್ನು ದಾಟಿ ಹೋಗುವಂತಿಲ್ಲ. 'ಕೇಳಿದರೆ ಆ ಯೋಚನೆ ನಾವೇ ಹುಟ್ಟಿಸಿದ ಹಾಗಾಗುತ್ತದೆ' ಎಂಬ ಹೆದರಿಕೆ ಎಲ್ಲರಿಗೂ ಇದೆ, ಅದು ತಪ್ಪು. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಳಗೇ ಹೊತ್ತು ತಿರುಗುತ್ತಿದ್ದವರಿಗೆ ಇಳಿಸಿಡಲು ಒಂದು ಜಾಗ ಸಿಗುತ್ತದೆ.

ಮೂರು ಪ್ರಶ್ನೆಗಳು, ಇದೇ ಕ್ರಮದಲ್ಲಿ. 'ಜೀವನವೇ ಬೇಡ ಅನ್ಸತ್ತಾ?' ಹೌದೆಂದರೆ, 'ಸಾಯಬೇಕು ಅಂತ ಯೋಚನೆ ಬರತ್ತಾ?' ಅದಕ್ಕೂ ಹೌದೆಂದರೆ, 'ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ? ಹಿಂದೆ ಪ್ರಯತ್ನ ಮಾಡಿದ್ದುಂಟಾ?' 'ಅಂಥದ್ದೇನೂ ಇಲ್ಲ ತಾನೆ?' ಎಂದು ಕೇಳಬೇಡಿ, ಆ ಪ್ರಶ್ನೆಯಲ್ಲೇ 'ಇಲ್ಲ' ಎಂಬ ಉತ್ತರ ಇಟ್ಟಿರುತ್ತೀರಿ. ಉತ್ತರ ಕೇಳಿ ಅಳು, ಆಣೆ ಹಾಕಿಸುವುದು, 'ಮಕ್ಕಳ ಮುಖ ನೋಡು' ಎನ್ನುವುದು ಬೇಡ. 'ಹೇಳಿದ್ದು ಒಳ್ಳೇದಾಯ್ತು' ಎನ್ನಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಕೊಡಬೇಡಿ.

ಬೇಡ ಅನ್ನಿಸುತ್ತದೆ ಆದರೆ ಮಾಡಿಕೊಳ್ಳುವ ಯೋಚನೆಯಿಲ್ಲ ಎಂದರೆ ಎರಡು ಮೂರು ದಿನದೊಳಗೆ ವೈದ್ಯರ ಭೇಟಿ ಆಗಬೇಕು, ಅಷ್ಟರೊಳಗೆ 4ನೇ ಹಂತ ಮುಗಿದಿರಬೇಕು. ದಾರಿ, ದಿನ ಯೋಚಿಸಿದ್ದಾರೆ, ಅಥವಾ ಹಿಂದೆ ಪ್ರಯತ್ನಿಸಿದ್ದವರಿಗೆ ಈಗ ಮತ್ತೆ ಆ ಯೋಚನೆ ಬಂದಿದೆ ಎಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ತಾಸೂ ತೆರೆದಿರುತ್ತದೆ. ಬೇರೆ ಊರಿನವರು ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಮೆರಿಕದಲ್ಲಿ ಓದುವ ಮಗನೋ ಮಗಳೋ ಫೋನಿನಲ್ಲಿ ಹೀಗೆಂದರೆ ಅಲ್ಲಿನ ಸಹಾಯವಾಣಿ 988. ಅವರ ರೂಮ್‌ಮೇಟ್‌ನ ನಂಬರು ನಿಮ್ಮ ಬಳಿ ಮೊದಲೇ ಇರಬೇಕು.

ಬಾಯಿಬಿಟ್ಟು ಹೇಳದಿದ್ದರೂ ಕೆಲವು ಗುರುತುಗಳಿವೆ. ಸಾಲದ ಲೆಕ್ಕ, ಪಾಸ್‌ಬುಕ್ಕು, ಒಡವೆಯ ವಿವರ ಯಾರಿಗೋ ಒಪ್ಪಿಸುವುದು. ಬಹುಕಾಲದ ನಂಟರಿಗೆ ಸುಮ್ಮನೆ ಫೋನ್ ಮಾಡಿ ಕ್ಷಮೆ ಕೇಳುವುದು. ವಾರಗಟ್ಟಲೆ ಒದ್ದಾಡಿದವರು ಒಂದು ಬೆಳಿಗ್ಗೆ ಕಾರಣವಿಲ್ಲದೆ ತೀರಾ ಶಾಂತವಾಗುವುದು. ಈ ಕೊನೆಯದನ್ನು 'ಸುಧಾರಿಸಿದ್ರು' ಎಂದುಕೊಂಡು ಕಾವಲು ಸಡಿಲಿಸುವ ಮನೆಗಳಿವೆ. ಚಿಕಿತ್ಸೆ ಶುರುವಾಗುವ ಮೊದಲೇ ಬಂದ ಆ ಶಾಂತಿಯನ್ನು ನಂಬಬೇಡಿ.

ಏನಾದರೂ ಸೇವಿಸಿಬಿಟ್ಟಿದ್ದರೆ, ಆರಾಮಾಗಿ ಮಾತಾಡುತ್ತಿದ್ದರೂ ತಕ್ಷಣ 108ಕ್ಕೆ ಕರೆ ಮಾಡಿ. ಕೆಲವು ವಿಷಗಳು ತಡವಾಗಿ ಕೆಲಸ ಮಾಡುತ್ತವೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿ ಅಥವಾ ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ 'ಗೊತ್ತಿಲ್ಲದೆ ಕುಡಿದ್ರು' ಎಂದು ವೈದ್ಯರಿಗೆ ಸುಳ್ಳು ಹೇಳುವುದು ಜೀವಕ್ಕೇ ಕುತ್ತು. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುವುದು ವಾಡಿಕೆಯ ಕ್ರಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಮಾಡುವಂತಿಲ್ಲ.

ಹಂತ 4: ಮನೆಯನ್ನು ಸುರಕ್ಷಿತ ಮಾಡಿ

ಸಾಯುವ ತೀವ್ರ ಬಯಕೆ ಬಹಳ ಸಲ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಹಾಗಾಗಿ ಈ ಕೆಲಸವನ್ನು ಎಲ್ಲ ಖಿನ್ನತೆಯಲ್ಲೂ ಮಾಡಿ, ಅವರು ಬಾಯಿಬಿಟ್ಟು ಹೇಳುವವರೆಗೆ ಕಾಯಬೇಡಿ.

ಹೊಲದ ಔಷಧಿ ಮನೆಯಲ್ಲಿ ಇರಲೇಬಾರದು. ಅಟ್ಟ, ಕೊಟ್ಟಿಗೆ, ಪಂಪ್‌ಸೆಟ್ ಮನೆ ಮೂರನ್ನೂ ಹುಡುಕಿ, ಉಳಿದ ಅರ್ಧ ಬಾಟಲಿಯನ್ನೂ ಬೇರೆಯವರ ಮನೆಯ ಬೀಗದೊಳಗೆ ಇಡಿಸಿ. ಅಜ್ಜ ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳು, ಹಳೆಯ ನಿದ್ದೆ ಮಾತ್ರೆ, ಡಬ್ಬಿಗಟ್ಟಲೆ ಪ್ಯಾರಾಸಿಟಮಾಲ್ ಎಲ್ಲವೂ ಬೀಗದ ಕಪಾಟಿಗೆ. ಹೊಸ ಮಾತ್ರೆ ಬಂದಾಗಲೂ ತಿಂಗಳಿನದನ್ನು ಒಟ್ಟಿಗೆ ತರದೆ ಒಂದೊಂದು ವಾರದ್ದು ತನ್ನಿ. ಕೋವಿಯಿರುವ ಮನೆಗಳಲ್ಲಿ, ಕೊಡಗು ಮಲೆನಾಡಿನ ಕಡೆ ಇದು ಸಾಮಾನ್ಯ, ಅದನ್ನು ಈ ಅವಧಿಗೆ ಮನೆಯಿಂದ ಹೊರಗೆ ಎಲ್ಲಿ ಇಡಿಸಬಹುದೆಂದು ಠಾಣೆಯಲ್ಲಿ ವಿಚಾರಿಸಿ. ಕೋಣೆ ಮತ್ತು ಬಚ್ಚಲಿನ ಒಳಚಿಲಕವನ್ನು ಹೊರಗಿನಿಂದಲೂ ತೆಗೆಯುವಂತೆ ಮಾಡಿಸಿ.

ಇದನ್ನು ಕದ್ದುಮುಚ್ಚಿ ಮಾಡಬೇಕಿಲ್ಲ. 'ಸ್ವಲ್ಪ ದಿನ ಇವನ್ನೆಲ್ಲ ಒಳಗಿಡ್ತೀನಿ, ನಿನ್ನ ಮೇಲೆ ಅನುಮಾನದಿಂದಲ್ಲ, ಕಾಯಿಲೆ ಮೇಲೆ' ಎಂದು ಹೇಳಿಯೇ ಮಾಡಿ.

ಮದ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ಪ್ರತಿದಿನ ಹೆಚ್ಚು ಕುಡಿಯುವವರ ಕುಡಿತವನ್ನು ಮನೆಯಲ್ಲೇ ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದು ವೈದ್ಯರ ಕೈಕೆಳಗೇ ಆಗಬೇಕು.

ಹಂತ 5: ವೈದ್ಯರಲ್ಲಿಗೆ

ಯಾರ ಹತ್ತಿರ? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಯಲ್ಲಿ ತಜ್ಞರಾದವರು, ಮಾತ್ರೆ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಊಟ ನಿದ್ದೆ ಕೆಟ್ಟಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಸಾವಿನ ಯೋಚನೆಯಿದ್ದರೆ ಮೊದಲು ಮನೋವೈದ್ಯರು.

ಎಲ್ಲಿ? ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೊಸದಾಗಿ ಹೋಗುವವರು ಬೆಳಿಗ್ಗೆ ಬೇಗ ಸೇರಿಕೊಳ್ಳಿ, ಇಡೀ ದಿನ ಕೈಲಿಟ್ಟುಕೊಂಡು ಹೋಗಿ. ಮೊದಲ ಭೇಟಿಗೆ ನಿಮ್ಹಾನ್ಸೇ ಆಗಬೇಕೆಂದು ತಿಂಗಳುಗಟ್ಟಲೆ ಮುಂದೂಡುವುದಕ್ಕಿಂತ ಹತ್ತಿರದ ತಾಲ್ಲೂಕಿನಲ್ಲಿ ಈ ವಾರವೇ ತೋರಿಸುವುದು ಮೇಲು.

ಏನು ಒಯ್ಯಬೇಕು? ನೋಟ್‌ಬುಕ್ಕಿನಿಂದ ಒಂದೇ ಪುಟದ ಸಾರ: ಯಾವಾಗಿನಿಂದ, ನಿದ್ದೆ, ಊಟ, ತೂಕ, ಹಿಂದೆ ಹೀಗಾದದ್ದು, ಅತಿ ಉತ್ಸಾಹದ ದಿನಗಳು, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇತ್ತೇ, ಕುಡಿತ, ಸಾವಿನ ಮಾತು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯ ಬದಲು ಸ್ಟ್ರಿಪ್ಪುಗಳನ್ನೇ ಚೀಲಕ್ಕೆ ಹಾಕಿ, ನಾಟಿ ಔಷಧಿಯಿದ್ದರೆ ಅದೂ ಇರಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆಯ ವರದಿಗಳಿದ್ದರೆ ಒಯ್ಯಿರಿ. ಥೈರಾಯ್ಡ್ ಕಡಿಮೆಯಿದ್ದರೂ, ರಕ್ತಹೀನತೆಯಿದ್ದರೂ ಖಿನ್ನತೆಯಂತೆಯೇ ಕಾಣುತ್ತದೆ.

ಒಳಗೆ ಹೋದ ಮೇಲೆ ಅವರ ಪರವಾಗಿ ನೀವೇ ಎಲ್ಲವನ್ನೂ ಹೇಳಬೇಡಿ. ಮೊದಲು ಅವರು, ಆಮೇಲೆ ನೀವು. ಅವರಿಗೆ ವೈದ್ಯರೊಂದಿಗೆ ಒಂಟಿಯಾಗಿ ಹತ್ತು ನಿಮಿಷ ಸಿಗುವಂತೆ ನೋಡಿಕೊಳ್ಳಿ, ಮನೆಯವರ ಎದುರು ಹೇಳಲಾಗದ್ದು ಇದ್ದೇ ಇರುತ್ತದೆ. ಹೊರಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಕಾಯಿಲೆಯ ಹೆಸರೇನು? ಪ್ರತಿ ಮಾತ್ರೆ ಯಾವುದಕ್ಕೆ, ಎಷ್ಟು ದಿನ? ಏನಾದರೆ ತಕ್ಷಣ ಬರಬೇಕು? ಮುಂದಿನ ಭೇಟಿ ಯಾವಾಗ?

ಬರುವುದೇ ಇಲ್ಲ ಎಂದರೆ? ಅವರಿಗೇ ತೊಂದರೆ ಕೊಡುತ್ತಿರುವುದನ್ನು ಹಿಡಿಯಿರಿ. 'ಮನಸ್ಸಿನ ಡಾಕ್ಟ್ರು' ಬೇಡ ಎನ್ನುವವರು 'ನಿದ್ದೆಗೆ ಒಂದು ಸಲ ತೋರಿಸೋಣ' ಎಂದರೆ ಒಪ್ಪುವುದುಂಟು. ಊರಿನ ಪರಿಚಿತ ವೈದ್ಯರಿಂದ ಶುರು ಮಾಡಿದರೂ ಆದೀತು. ಮದುವೆಗೆ ಹೋಗೋಣವೆಂದು ಹೇಳಿ ಆಸ್ಪತ್ರೆಯ ಗೇಟಿನಲ್ಲಿ ಇಳಿಸುವುದು, ಕಾಫಿಯಲ್ಲಿ ಮಾತ್ರೆ ಕರಗಿಸಿ ಕೊಡುವುದು ಎರಡನ್ನೂ ಮಾಡಬೇಡಿ. ಗೊತ್ತಾದ ದಿನ ನಂಬಿಕೆ ಹೋಗುತ್ತದೆ, ಆಮೇಲೆ ನಿಮ್ಮ ಕೈಯ ನೀರನ್ನೂ ಕುಡಿಯಲು ಹಿಂಜರಿಯುತ್ತಾರೆ. ಜೀವಕ್ಕೆ ಅಪಾಯವಿದ್ದು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ, ಮನೆಯವರ ಕೋರಿಕೆಯ ಮೇಲೆ ತಜ್ಞರು ಪರೀಕ್ಷಿಸಿ ಮೊದಲಿಗೆ 30 ದಿನದವರೆಗೆ ದಾಖಲಿಸಿಕೊಳ್ಳಲು ಅದೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವಕಾಶವಿದೆ. ಮನೆಯವರು ಕಟ್ಟಿಹಾಕುವಂತಿಲ್ಲ, ಸರಪಳಿ ಹಾಕುವುದಕ್ಕಂತೂ ಎಲ್ಲಿಯೂ ಅವಕಾಶವಿಲ್ಲ.

ದೇವಸ್ಥಾನ, ದರ್ಗಾ, ಹರಕೆ ಬೇಡವೆಂದಲ್ಲ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುವವರಿಗೆ ಸಿಗಲಿ. ಮಾತ್ರೆಯ ಜೊತೆಗೆ ನಡೆಯಬೇಕು ಅಷ್ಟೇ. ಮಾತ್ರೆ ನಿಲ್ಲಿಸಿ ಬಾ ಎನ್ನುವ ಜಾಗಕ್ಕೆ ಹೋಗಬೇಡಿ.

ಹಂತ 6: ಮಾತ್ರೆಯ ಎಂಟು ವಾರ

ಅತಿ ಹೆಚ್ಚು ಮನೆಗಳು ಸೋಲುವ ಹಂತ ಇದು. ಖಿನ್ನತೆಗೆ ಸಾಮಾನ್ಯವಾಗಿ ಮೊದಲು ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗೆ ಅರ್ಧ ತಾಸಿನಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕು. ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ಅಂದರೆ ಮೊದಲ ಹದಿನೈದು ದಿನ ಕಷ್ಟ ಮಾತ್ರ ಕಾಣುತ್ತದೆ, ಲಾಭ ಕಾಣುವುದಿಲ್ಲ. 'ಇದು ನಮಗೆ ಆಗಿಬರ್ಲಿಲ್ಲ' ಎಂದು ಬಿಟ್ಟುಬಿಡುವುದು ಆಗಲೇ.

1ನೇ ವಾರ: ಹೊಟ್ಟೆ ತೊಳಸು, ತಲೆನೋವು, ಸಡಿಲ ಭೇದಿ, ಚಡಪಡಿಕೆ ಬರಬಹುದು. ಊಟದ ನಂತರ ಕೊಟ್ಟರೆ ತೊಳಸು ಕಡಿಮೆ. ಮಾತ್ರೆಯಿಂದ ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ, ಮಂಪರು ಬರುತ್ತಿದ್ದರೆ ರಾತ್ರಿ ಕೊಡಬಹುದೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಇವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ.

2 ಮತ್ತು 3ನೇ ವಾರ: ಕಣ್ಣಿಟ್ಟು ಕಾಯಬೇಕಾದ ದಿನಗಳು. ಮನಸ್ಸು ಹಗುರಾಗುವ ಮೊದಲೇ ಕೈಕಾಲಿಗೆ ಶಕ್ತಿ ಬರುವುದುಂಟು, ಸಾವಿನ ಯೋಚನೆ ಇನ್ನೂ ಹೋಗಿರುವುದಿಲ್ಲ. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಆ ಯೋಚನೆ ಹೆಚ್ಚಾಗಲೂಬಹುದು. 3ನೇ ಹಂತದ ಪ್ರಶ್ನೆಯನ್ನು ವಾರಕ್ಕೊಮ್ಮೆ ಮತ್ತೆ ಕೇಳಿ. ನಿದ್ದೆ ಮೂರು ತಾಸಿಗೆ ಇಳಿದು ಅತಿ ಉತ್ಸಾಹ, ನಿಲ್ಲದ ಮಾತು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ.

4ನೇ ವಾರ: ಮೊದಲ ಗುಣ ಅವರಿಗಿಂತ ಮೊದಲು ನಿಮಗೆ ಕಾಣುತ್ತದೆ. ಕೇಳದೆ ಸ್ನಾನಕ್ಕೆ ಹೋಗುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದು ಅವರಿಗೇ ಓದಿ ತೋರಿಸಿ, ಅವರಿಗೆ 'ಏನೂ ಬದಲಾಗಿಲ್ಲ' ಎಂದೇ ಅನ್ನಿಸುತ್ತಿರುತ್ತದೆ. ಏನೇನೂ ಬದಲಾವಣೆ ಇಲ್ಲದಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸಬಹುದು, ಮಾತ್ರೆ ಬದಲಿಸಬಹುದು. ಮೊದಲ ಮಾತ್ರೆಯೇ ಎಲ್ಲರಿಗೂ ಹಿಡಿಯುವುದಿಲ್ಲ. ಅದನ್ನು ಸೋಲೆಂದುಕೊಳ್ಳಬೇಡಿ.

8ನೇ ವಾರ: ಮಾತ್ರೆ ಹಿಡಿದವರಲ್ಲಿ ಬಹುಪಾಲು ಚೇತರಿಕೆ ಕಾಣುತ್ತದೆ, 'ಇನ್ನು ಯಾಕೆ ಮಾತ್ರೆ' ಎಂಬ ಮಾತೂ ಬರುತ್ತದೆ. ನಿಲ್ಲಿಸಬಾರದ ಹೊತ್ತು ಇದೇ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಹಿಂದೆ ಎರಡು ಮೂರು ಸಲ ಬಂದವರಿಗೆ ಇನ್ನೂ ಹೆಚ್ಚು ಕಾಲ. ನಿಲ್ಲಿಸುವಾಗ ವೈದ್ಯರು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಗೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಮಿಂಚು, ಸಿಡುಕು ಬರಬಹುದು. ಇದನ್ನೇ ನೋಡಿ 'ಮಾತ್ರೆ ಚಟ ಹಿಡಿಸಿತು' ಎನ್ನುತ್ತಾರೆ, ಅದು ಚಟವಲ್ಲ.

ಚಟವಾಗಬಲ್ಲದ್ದು ಬೇರೆ ಮಾತ್ರೆ. ಮೊದಲ ವಾರಗಳ ಚಡಪಡಿಕೆ, ನಿದ್ರಾಹೀನತೆಗೆ ಕ್ಲೋನಾಜೆಪಾಮ್‌ನಂಥದ್ದನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆಂದು ಬರೆದಿರುತ್ತಾರೆ. ಅದು ನುಂಗಿದ ರಾತ್ರಿಯೇ ಹಿತ ಕೊಡುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಖಿನ್ನತೆಯ ಮುಖ್ಯ ಮಾತ್ರೆಯನ್ನು 'ಪ್ರಯೋಜನವಿಲ್ಲ' ಎಂದು ಬಿಟ್ಟು, ಈ ನಿದ್ದೆಯ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಳ್ಳುತ್ತಾರೆ. ಮಾಡಬೇಕಾದ್ದರ ಪೂರ್ತಿ ತಿರುಗುಮುರುಗು ಇದು. ಯಾವ ಸ್ಟ್ರಿಪ್ಪು ಯಾವುದಕ್ಕೆ, ಯಾವ ತಾರೀಕಿನವರೆಗೆ ಎಂದು ಮಾರ್ಕರ್‌ನಿಂದ ಅದರ ಮೇಲೇ ಬರೆಯಿರಿ. ಈ ಮಾತ್ರೆಯ ಜೊತೆ ಮದ್ಯ ಬೇಡವೇ ಬೇಡ, ಬೈಕು ಟ್ರ್ಯಾಕ್ಟರೂ ಬೇಡ.

ಖಿನ್ನತೆಯ ಮುಖ್ಯ ಮಾತ್ರೆಯ ಬಗ್ಗೆ ಇನ್ನು ಕೆಲವು ಸಂಗತಿಗಳು. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ಕೊಡಿ, ಮರುದಿನ ಎರಡು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಜೊತೆಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ, ಕೇಳದೆ ಕೊಡಬೇಡಿ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಗೊಂದಲದ ಮಾತು, ತೂರಾಟ ಕಂಡರೆ ರಕ್ತದ ಸೋಡಿಯಂ ಪರೀಕ್ಷೆ ಬೇಗ ಆಗಬೇಕು. ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಈ ಮಾತ್ರೆಗಳ ಸಾಮಾನ್ಯ ಅಡ್ಡಪರಿಣಾಮ. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವವರು ಬಹಳ. ವೈದ್ಯರಲ್ಲಿ ಇದಕ್ಕೆ ದಾರಿಯಿದೆ, ಕೇಳಿದರೆ ಸಾಕು.

ಹಂತ 7: ದಿನಕ್ಕೊಂದು ಸಣ್ಣ ಕೆಲಸ

ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾದರೆ ಮನಸ್ಸು ಬರುವುದಿಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಆದರೆ ಕೆಲಸ ಎಷ್ಟು ಸಣ್ಣದಿರಬೇಕೆಂದರೆ ಸೋಲುವುದೇ ಸಾಧ್ಯವಿಲ್ಲದಷ್ಟು.

ಮೊದಲ ವಾರ ಎರಡೇ: ಗೊತ್ತಾದ ಹೊತ್ತಿಗೆ ಹಾಸಿಗೆ ಬಿಡುವುದು, ಬಿಸಿಲಿನಲ್ಲಿ ಜಗಲಿಯ ಮೇಲೆ ಹತ್ತು ನಿಮಿಷ ಕೂರುವುದು. ಎರಡನೇ ವಾರ ಹದಿನೈದು ನಿಮಿಷದ ನಡಿಗೆ ಸೇರಿಸಿ, ನೀವೂ ಜೊತೆಗೆ ಹೋಗಿ. ಮೂರನೇ ವಾರದಿಂದ ಶುರುವೂ ಕೊನೆಯೂ ಕಣ್ಣಿಗೆ ಕಾಣುವ ಮನೆಗೆಲಸ ಒಂದು: ಹಾಲು ತರುವುದು, ಅವರೆಕಾಯಿ ಸುಲಿಯುವುದು, ಗಿಡಕ್ಕೆ ನೀರು. 'ಹೋಗಿ ಮಾಡು' ಎನ್ನುವುದಕ್ಕಿಂತ 'ಬಾ, ಇಬ್ಬರೂ ಸುಲಿಯೋಣ' ಎನ್ನುವುದು ನಡೆಯುತ್ತದೆ. ಹಗಲು ನಿದ್ದೆ ಅರ್ಧ ತಾಸು ದಾಟದಿರಲಿ.

ಮದುವೆ, ಗೃಹಪ್ರವೇಶಗಳಿಗೆ 'ನಾಲ್ಕು ಜನ ನೋಡಿದ್ರೆ ಸರಿಹೋಗ್ತೀಯ' ಎಂದು ಎಳೆದೊಯ್ಯಬೇಡಿ. ಇಂಥ ವೇಳೆಯಲ್ಲಿ ದೊಡ್ಡ ತೀರ್ಮಾನಗಳೂ ಬೇಡ. ಕೆಲಸಕ್ಕೆ ರಾಜೀನಾಮೆ, ಜಮೀನು ಮಾರಾಟ, ವಿಚ್ಛೇದನ ಎಲ್ಲವನ್ನೂ ಗುಣವಾಗುವವರೆಗೆ ಮುಂದೂಡಿಸಿ. 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಎನ್ನುವುದಂತೂ ಎರಡು ಜೀವಗಳಿಗೆ ಮಾಡುವ ಅನ್ಯಾಯ.

ಇದೇ ವಾರಗಳಲ್ಲಿ ನಿಮ್ಮ ಪಾಳಿಯನ್ನೂ ಗೊತ್ತುಮಾಡಿ. ವಾರಕ್ಕೆ ಒಂದು ಪೂರ್ತಿ ರಾತ್ರಿ ನಿಮ್ಮ ನಿದ್ದೆ, ಅವತ್ತು ಇನ್ನೊಬ್ಬರ ಕಾವಲು. ನಿಮಗೇ ಎರಡು ವಾರದಿಂದ ನಿದ್ದೆ ಊಟ ಕೆಟ್ಟಿದ್ದರೆ 14416 ನಿಮಗೂ ಇದೆ.

ಹಂತ 8: ಮರುಕಳಿಸುವ ಗುರುತುಗಳ ಚೀಟಿ

ಖಿನ್ನತೆ ಮತ್ತೆ ಬರಬಹುದಾದ ಕಾಯಿಲೆ. ಮತ್ತೆ ಬರುವಾಗ ಬಹುಪಾಲು ಮೊದಲ ಸಲದ ದಾರಿಯಲ್ಲೇ ಬರುತ್ತದೆ. ಚೇತರಿಸಿಕೊಂಡು ಚೆನ್ನಾಗಿರುವ ಒಂದು ದಿನ, ಅವರ ಜೊತೆ ಕೂತು, ಅವರ ಕೈಬರಹದಲ್ಲೇ ಒಂದು ಚೀಟಿ ಬರೆಸಿ.

ಮೇಲ್ಭಾಗದಲ್ಲಿ ಅವರ ಮೂರು ಗುರುತು. ಒಬ್ಬರಿಗೆ ಅದು ಬೆಳಗಿನ ಜಾವದ ಎಚ್ಚರ, ಇನ್ನೊಬ್ಬರಿಗೆ ಫೋನ್ ಎತ್ತದಿರುವುದು, ಮತ್ತೊಬ್ಬರಿಗೆ ಹೂವಿನ ಗಿಡಕ್ಕೆ ನೀರು ಹಾಕುವುದನ್ನು ಬಿಡುವುದು. ಮೂರರಲ್ಲಿ ಎರಡು ಒಂದು ವಾರ ಕಂಡರೆ ಏನು ಮಾಡಬೇಕು ಎಂಬುದು ಅದರ ಕೆಳಗೆ: ಯಾವ ವೈದ್ಯರಿಗೆ ಫೋನು, ಯಾರು ಮಾಡಬೇಕು, ಮಾತ್ರೆ ತಪ್ಪಿದೆಯೇ ಎಂದು ಯಾರು ನೋಡಬೇಕು. ಕೊನೆಯಲ್ಲಿ ತಮಗೆ ಯಾವ ಮಾತು ಹಿತ, ಯಾವುದು ಬೇಡ ಎಂದು ಅವರೇ ಬರೆಯಲಿ. 'ಏನಾಯ್ತು ಏನಾಯ್ತು ಅಂತ ಕೇಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ' ಎಂದು ಬರೆದರೆ ಹಾಗೆಯೇ ನಡೆದುಕೊಳ್ಳಿ. ಒಂದು ಪ್ರತಿ ಅವರ ಬಳಿ, ಒಂದು ಫೈಲಿನಲ್ಲಿ, ಒಂದು ಆ ಇಬ್ಬರ ಫೋನಿನಲ್ಲಿ ಫೋಟೊ ಆಗಿ ಇರಲಿ. ಬೀಗದ ಕಪಾಟನ್ನು ಯಾವಾಗ ತೆರೆಯುವುದೆಂದು ನೀವಾಗಿ ನಿರ್ಧರಿಸದೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ಹೊಲದ ಔಷಧಿ ಮಾತ್ರ ಮನೆಗೆ ವಾಪಸು ಬರುವುದು ಬೇಡ.